ಚಾಲಕನ ಅವಧಾನವೂ ಮೊಬೈಲ್ ಫೋನೂ

ಕೆಲವು ತಿಂಗಳ ಹಿಂದೆ ನಾನು ಶಿವಮೊಗ್ಗದಿಂದ ತೀರ್ಥಹಳ್ಳಿಯ ಕಡೆಗೆ ಹೋಗುವ ಬಸ್ಸೊಂದರಲ್ಲಿ ಪ್ರಯಾಣ ಮಾಡುತ್ತಿದ್ದೆ. ನನಗೆ ದೊರೆತಿದ್ದುದು ಚಾಲಕನ ಹಿಂದಿನ ಆಸನ. ಚಾಲಕನು ನಡುವಯಸ್ಸಿನವನು, ನುರಿತ ಕೈಯವನು. ಅವನ ಒಂದು ಕಿವಿಯಲ್ಲಿ ಸಣ್ಣದೊಂದು ಇಯರ್‌ಫೋನು ಇತ್ತು. ಅದರ ಮೂಲಕ ಯಾರೊಡನೆಯೋ ಮನೆಯ ಸಾಲದ ವಿಚಾರವಾಗಿ ಮಾತನಾಡುತ್ತಿದ್ದನು. ಎರಡು ಕೈಗಳೂ ಸ್ಟಿಯರಿಂಗಿನ ಮೇಲೆ, ಎರಡು ಕಣ್ಣುಗಳೂ ದಾರಿಯ ಮೇಲೆ ಇದ್ದುವು. ತಿರುವುಗಳಲ್ಲಿ ಬಸ್ಸು ಎಳ್ಳಷ್ಟೂ ಓಲಾಡಲಿಲ್ಲ. ಅಷ್ಟರಲ್ಲಿ ನಾನು ಇಳಿಯಬೇಕಾಗಿದ್ದ ಊರು ಬಂದಿತು. ರಸ್ತೆಯ ಬದಿಯಲ್ಲಿ ಮೂರು ನಾಲ್ಕು ಮಂದಿ ಕೈ ಅಡ್ಡ ಹಿಡಿದು ನಿಂತಿದ್ದರು. ಬಸ್ಸು ಅವರನ್ನು ದಾಟಿ ಅದೇ ವೇಗದಲ್ಲಿ ಮುಂದೆ ಹೋಯಿತು! ಕಂಡಕ್ಟರು ಎರಡು ಸಲ ಸೀಟಿ ಊದಿ, ಹೆಸರು ಹಿಡಿದು ಕೂಗಿದ ಮೇಲೆ, ಇನ್ನೂರು ಹೆಜ್ಜೆಯಾಚೆ ನಿಂತಿತು. ನಾನು ಇಳಿಯುವಾಗ ಚಾಲಕನು ತಾನೇ ಅಚ್ಚರಿಪಟ್ಟವನಂತೆ, "ಕಾಣಲೇ ಇಲ್ಲ ಸ್ವಾಮಿ" ಎಂದನು.

ಅವನು ಸುಳ್ಳು ಹೇಳಲಿಲ್ಲವೆಂದೇ ನನ್ನ ನಂಬಿಕೆ. ಆ ಜನರ ಪ್ರತಿಬಿಂಬವು ಅವನ ಅಕ್ಷಿಪಟಲದ ಮೇಲೆ ಬಿದ್ದುದರಲ್ಲಿ ಸಂದೇಹವಿಲ್ಲ. ಬೆಳಕು ಇತ್ತು, ದಾರಿ ನೇರವಾಗಿತ್ತು, ಕಣ್ಣು ತೆರೆದಿತ್ತು. ಆದರೂ ಅವನಿಗೆ ಅವರು ಕಾಣಲಿಲ್ಲ. ಆ ಸ್ಥಳದಲ್ಲಿ ಕೈ ಅಡ್ಡ ಹಿಡಿದವರ ಬದಲು ಚೆಂಡಿನ ಹಿಂದೆ ಓಡಿಬಂದ ಹುಡುಗನೊಬ್ಬನಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ನೆನೆದು, ಮನೆ ಸೇರುವವರೆಗೂ ನನ್ನ ಮನಸ್ಸು ನೆಟ್ಟಗಾಗಲಿಲ್ಲ. ವಾಹನ ನಡೆಸುತ್ತ ಫೋನಿನಲ್ಲಿ ಮಾತನಾಡುವುದರ ಅಪಾಯವು ಫೋನನ್ನು ಹಿಡಿದ ಕೈಯಲ್ಲಿದೆ ಎಂದು ಸಾಮಾನ್ಯವಾಗಿ ಎಲ್ಲರೂ ಭಾವಿಸುತ್ತಾರೆ. ಕೈ ಬಿಡುವಾದರೆ ಅಪಾಯ ನೀಗಿತು ಎಂದುಕೊಂಡು ಇಯರ್‌ಫೋನು ಸಿಕ್ಕಿಸಿಕೊಳ್ಳುತ್ತಾರೆ. ಈ ಭಾವನೆ ತಪ್ಪೆಂಬುದು ಕಳೆದ ಐವತ್ತು ಅರುವತ್ತು ವರ್ಷಗಳ ಪ್ರಯೋಗಗಳಿಂದ ಸಿದ್ಧವಾಗಿದೆ.

ಮೊದಲು, ಕಾಣುವುದು ಎಂದರೇನು ಎಂಬುದನ್ನು ವಿಚಾರಿಸೋಣ. ಕಣ್ಣನ್ನು ಕ್ಯಾಮೆರಾಕ್ಕೆ ಹೋಲಿಸುವುದು ಶಾಲಾ ಪುಸ್ತಕಗಳಲ್ಲಿ ರೂಢಿ. ಮಸೂರ, ಪಾಪೆ, ಅಕ್ಷಿಪಟಲ ಇವುಗಳ ಮಟ್ಟಿಗೆ ಈ ಹೋಲಿಕೆ ಸರಿಯೇ. ಆದರೆ ಕ್ಯಾಮೆರಾ ತನ್ನ ಮುಂದಿರುವುದನ್ನೆಲ್ಲ ಭೇದವೆಣಿಸದೆ ದಾಖಲೆ ಮಾಡುವುದು. ಮೆದುಳು ಹಾಗೆ ಮಾಡುವುದಿಲ್ಲ. ಕಣ್ಣಿನಿಂದ ಬರುವ ಅಪಾರ ಸುದ್ದಿಯಲ್ಲಿ ತನಗೆ ಆ ಕ್ಷಣಕ್ಕೆ ಬೇಕಾದ ಅಲ್ಪಭಾಗವನ್ನು ಆರಿಸಿ, ಮಿಕ್ಕುದನ್ನು ಬಾಗಿಲಲ್ಲೇ ತಡೆಯುವುದು. ಈ ಆರಿಸುವ ಶಕ್ತಿಗೆ ಅವಧಾನವೆಂದು ಹೆಸರು. 1999ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೊಫರ್ ಶಾಬ್ರಿ ಇದನ್ನು ಒಂದು ವಿನೋದದ ಪ್ರಯೋಗದಿಂದ ತೋರಿಸಿದರು. ಕೆಲವರು ಚೆಂಡನ್ನು ಒಬ್ಬರಿಂದೊಬ್ಬರಿಗೆ ಎಸೆಯುವ ಕಿರುಚಿತ್ರವನ್ನು ತೋರಿಸಿ, ಬಿಳಿಯ ಅಂಗಿಯವರು ಎಷ್ಟು ಸಲ ಎಸೆದರೆಂದು ಎಣಿಸಲು ನೋಡುಗರಿಗೆ ಹೇಳಿದರು. ಆಟದ ನಡುವೆ ಗೊರಿಲ್ಲದ ವೇಷ ತೊಟ್ಟ ವ್ಯಕ್ತಿಯೊಬ್ಬಳು ಆಟಗಾರರ ಮಧ್ಯೆಯೇ ನಡೆದುಹೋಗುವಳು. ಎಣಿಕೆಯಲ್ಲಿ ತೊಡಗಿದ್ದವರಲ್ಲಿ ಸುಮಾರು ಅರ್ಧ ಮಂದಿಗೆ ಗೊರಿಲ್ಲ ಕಾಣಲೇ ಇಲ್ಲ! ಇದನ್ನು 'ಅನವಧಾನದ ಕುರುಡು' ಎನ್ನಬಹುದು. ಕಣ್ಣಿಗೆ ಊನವಿಲ್ಲ, ಅವಧಾನ ಬೇರೆ ಕಡೆ ಇದೆ, ಅಷ್ಟೆ.

ಅವಧಾನ ಎಂದೊಡನೆ ಕನ್ನಡ ವಾಚಕರಿಗೆ ಅಷ್ಟಾವಧಾನ, ಶತಾವಧಾನಗಳು ನೆನಪಿಗೆ ಬರುವುದು ಸಹಜ. ಎಂಟು ಮಂದಿ ಪೃಚ್ಛಕರನ್ನು ಏಕಕಾಲದಲ್ಲಿ ಎದುರಿಸುವ ಪಂಡಿತನಿರುವಾಗ, ಮಾತು ಮತ್ತು ಚಾಲನೆ ಎಂಬ ಎರಡೇ ಕೆಲಸಗಳನ್ನು ಒಬ್ಬನು ಒಟ್ಟಿಗೆ ಮಾಡಲಾರನೆ ಎಂದು ನೀವು ಕೇಳಬಹುದು. ಅವಧಾನದ ಸಭೆಯಲ್ಲಿ ಕುಳಿತು ನೋಡಿದವರಿಗೆ ಉತ್ತರ ತಾನೇ ಹೊಳೆಯುವುದು. ಅವಧಾನಿಯು ಎಂಟು ಕೆಲಸಗಳನ್ನು ಒಂದೇ ಕ್ಷಣದಲ್ಲಿ ಮಾಡುವುದಿಲ್ಲ. ಒಬ್ಬ ಪೃಚ್ಛಕನಿಗೆ ಪದ್ಯದ ಒಂದು ಪಾದವನ್ನು ಹೇಳಿ, ಅದನ್ನು ನೆನಪಿನಲ್ಲಿ ಕಟ್ಟಿಟ್ಟು, ಎರಡನೆಯವನ ಕಡೆಗೆ ತಿರುಗುತ್ತಾನೆ. ಸುತ್ತು ಮುಗಿದ ಮೇಲೆ ಮೊದಲನೆಯವನಿಗೆ ಎರಡನೆಯ ಪಾದ. ಅವನ ಹಿರಿಮೆಯಿರುವುದು ಸ್ಮರಣೆಯಲ್ಲಿ, ಮತ್ತು ಒಂದರಿಂದ ಇನ್ನೊಂದಕ್ಕೆ ಎಡವದೆ ದಾಟುವ ಚಾತುರ್ಯದಲ್ಲಿ. ಅವನು ಒಬ್ಬನ ಕಡೆ ತಿರುಗಿದ್ದಾಗ ಉಳಿದವರಲ್ಲಿ ಹೆಚ್ಚಿನವರು ತಮ್ಮ ಸರದಿಗಾಗಿ ಕಾಯುತ್ತಾರೆ. ಮೇಲಾಗಿ, ಅವನು ಕುಳಿತ ವೇದಿಕೆ ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಓಡುತ್ತಿರುವುದಿಲ್ಲ.

ಸಾಮಾನ್ಯರಾದ ನಮ್ಮಲ್ಲಿಯೂ ನಡೆಯುವುದು ಇದೇ ಸರದಿಯ ಕೆಲಸ. ಎರಡು ಸಂಕೇತಗಳು ಒಂದರ ಬೆನ್ನಿಗೊಂದು ಬಂದು, ಎರಡಕ್ಕೂ ನಿರ್ಧಾರ ಬೇಕಾದಾಗ, ಮೆದುಳು ಮೊದಲನೆಯದನ್ನು ಮುಗಿಸುವವರೆಗೆ ಎರಡನೆಯದು ಕಾಯುವುದು ಎಂದು ಬ್ರಿಟಿಷ್ ಮನಶ್ಶಾಸ್ತ್ರಜ್ಞ ವೆಲ್ಫರ್ಡ್ 1952ರಲ್ಲಿಯೇ ಪ್ರತಿಪಾದಿಸಿದ್ದನು. ನಡೆಯುತ್ತ ಮಾತನಾಡುವುದು ಸುಲಭವಲ್ಲವೆ ಎಂದರೆ, ಸುಲಭವೇ. ಏಕೆಂದರೆ ನಡೆಯುವುದಕ್ಕೆ ನಿರ್ಧಾರ ಬೇಕಾಗಿಲ್ಲ. ಜೊತೆಯಲ್ಲಿ ನಡೆಯುತ್ತಿರುವ ಗೆಳೆಯನನ್ನು, 37ನ್ನು 16ರಿಂದ ಮನಸ್ಸಿನಲ್ಲಿಯೇ ಗುಣಿಸು ಎಂದು ಕೇಳಿ ನೋಡಿ. ಬಹುಮಟ್ಟಿಗೆ ಅವನು ನಿಂತುಬಿಡುವನು.

ಚಾಲನೆಯಲ್ಲಿಯೂ ಹೀಗೆ ಎರಡು ಪದರಗಳಿವೆ. ಸ್ಟಿಯರಿಂಗನ್ನು ಹದವಾಗಿ ತಿರುಗಿಸುವುದು, ಗೇರು ಬದಲಾಯಿಸುವುದು, ದಾರಿಯ ನಡುವೆ ಉಳಿಯುವುದು ಇವು ಅಭ್ಯಾಸದಿಂದ ಕೈಕಾಲಿಗೆ ಇಳಿದುಹೋದ ಕೆಲಸಗಳು. ಎದುರಿನ ಲಾರಿ ತಲಪುವುದರೊಳಗೆ ಈ ಎತ್ತಿನ ಗಾಡಿಯನ್ನು ದಾಟಬಹುದೆ, ಆ ಸೈಕಲ್ಲಿನವನು ಬಲಕ್ಕೆ ಹೊರಳುವನೆ ಎಂಬಂತಹವು ಪ್ರತಿಸಲವೂ ಹೊಸದಾಗಿ ತೀರ್ಮಾನಿಸಬೇಕಾದವು. ಮೊಬೈಲ್ ಫೋನು ಜನರ ಕೈಸೇರುವುದಕ್ಕೆ ಬಹಳ ಮೊದಲೇ, 1969ರಲ್ಲಿ, ಬ್ರಿಟನ್ನಿನ ಬ್ರೌನ್ ಮತ್ತು ಅವರ ಸಂಗಡಿಗರು ಇದನ್ನು ಪರೀಕ್ಷಿಸಿದರು. ಕಾರು ನಡೆಸುತ್ತಿದ್ದವರಿಗೆ ದೂರವಾಣಿಯಲ್ಲಿ ಕೆಲವು ವಾಕ್ಯಗಳನ್ನು ಕೇಳಿಸಿ, ಅವು ಸರಿಯೋ ತಪ್ಪೋ ಹೇಳಿಸುತ್ತಿದ್ದರು; ಅದೇ ವೇಳೆಗೆ ಚಾಲಕರು ಮುಂದಿನ ಸಂದುಗಳಲ್ಲಿ ತಮ್ಮ ಕಾರು ಹಿಡಿಸುವುದೇ ಇಲ್ಲವೇ ಎಂದು ತೀರ್ಮಾನಿಸಬೇಕಾಗಿತ್ತು. ಸ್ಟಿಯರಿಂಗಿನ ಕೌಶಲಕ್ಕೆ ಹೆಚ್ಚು ಕುಂದು ಬರಲಿಲ್ಲ. ಸಂದಿನ ಅಂದಾಜು ಮಾತ್ರ ಕೆಟ್ಟಿತು. ನನ್ನ ಬಸ್ಸಿನ ಚಾಲಕನು ತಿರುವುಗಳಲ್ಲಿ ಓಲಾಡದೆ ಹೋದುದೂ, ನಿಲ್ದಾಣವನ್ನು ಮರೆತುದೂ ಈ ಪ್ರಯೋಗದ ಬೆಳಕಿನಲ್ಲಿ ಒಂದಕ್ಕೊಂದು ವಿರುದ್ಧವಲ್ಲ. ಇದರಲ್ಲಿರುವ ಕೇಡೂ ಇದೇ: ಕೈಯ ಕೆಲಸ ಸರಾಗವಾಗಿ ಸಾಗುತ್ತಿರುವುದರಿಂದ, ತನ್ನ ಚಾಲನೆ ಕೆಟ್ಟಿದೆ ಎಂಬ ಅರಿವು ಚಾಲಕನಿಗೆ ಉಂಟಾಗುವುದೇ ಇಲ್ಲ.

ಪ್ರಯೋಗಶಾಲೆಯಲ್ಲಿ ಕಂಡುದು ನಿಜವಾದ ರಸ್ತೆಯಲ್ಲಿ ಅಪಘಾತವಾಗಿ ಪರಿಣಮಿಸುವುದೇ? ಇದನ್ನು ಅಳೆದವರು ಕೆನಡಾದ ಟೊರಾಂಟೊ ನಗರದ ವೈದ್ಯ ಡೊನಾಲ್ಡ್ ರೆಡೆಲ್ಮಯರ್ ಮತ್ತು ಸಂಖ್ಯಾಶಾಸ್ತ್ರಜ್ಞ ರಾಬರ್ಟ್ ಟಿಬ್ಶಿರಾನಿ. ಅವರ ಲೇಖನ ಪ್ರಕಟವಾದುದು 1997ರಲ್ಲಿ. ಅವರ ಮುಂದಿದ್ದ ತೊಡಕನ್ನು ಗಮನಿಸಿ: ಫೋನು ಬಳಸುವವರಿಗೆ ಹೆಚ್ಚು ಅಪಘಾತವಾದರೆ, ಕಾರಣ ಫೋನೇ ಎಂದು ಹೇಳುವುದು ಹೇಗೆ? ಅವರು ಸ್ವಭಾವತಃ ಅವಸರದವರೇ ಆಗಿರಬಹುದಲ್ಲ! ಇದಕ್ಕೆ ಅವರು ಹೂಡಿದ ಉಪಾಯ ಸೊಗಸಾದುದು. ಒಬ್ಬ ಮನುಷ್ಯನನ್ನು ಇನ್ನೊಬ್ಬನೊಡನೆ ಹೋಲಿಸದೆ, ಅದೇ ಮನುಷ್ಯನ ಅಪಘಾತದ ದಿನವನ್ನು ಅವನದೇ ಬೇರೊಂದು ದಿನದ ಅದೇ ಹೊತ್ತಿನೊಡನೆ ಹೋಲಿಸಿದರು. ಫೋನಿದ್ದ 699 ಚಾಲಕರ 26,798 ಕರೆಗಳ ಬಿಲ್ಲುಗಳನ್ನು ಜಾಲಾಡಿದರು. ಕರೆಯ ಸಮಯದಲ್ಲಿ ಡಿಕ್ಕಿಯ ಸಂಭವ ನಾಲ್ಕು ಪಾಲಿಗಿಂತ ಹೆಚ್ಚೆಂದು ಕಂಡುಬಂದಿತು. ಕೈಯಲ್ಲಿ ಹಿಡಿಯದೆ ಮಾತನಾಡುವ ಫೋನಿನವರಿಗೆ ಯಾವ ವಿನಾಯಿತಿಯೂ ಸಿಕ್ಕಲಿಲ್ಲ. ನ್ಯಾಯಕ್ಕಾಗಿ ಇನ್ನೊಂದು ಸಂಗತಿಯನ್ನೂ ಹೇಳಬೇಕು: ಡಿಕ್ಕಿಯಾದ ಮೇಲೆ ನೆರವಿಗಾಗಿ ಫೋನನ್ನು ಬಳಸಿದವರು ಆ ಚಾಲಕರಲ್ಲಿ ನೂರಕ್ಕೆ 39 ಮಂದಿ. 2005ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ಗಾಯಾಳು ಚಾಲಕರನ್ನು ಪರೀಕ್ಷಿಸಿದವರಿಗೂ ದೊರೆತ ಉತ್ತರ ಅದೇ, ನಾಲ್ಕು ಪಾಲು.

ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಡೇವಿಡ್ ಸ್ಟ್ರೇಯರ್ ಎಂಬ ಮನಶ್ಶಾಸ್ತ್ರಜ್ಞರು ಇದರ ಕಾರಣವನ್ನು ಹಂತಹಂತವಾಗಿ ಬಿಡಿಸಿದ್ದಾರೆ. 2001ರ ಪ್ರಯೋಗದಲ್ಲಿ, ಫೋನಿನಲ್ಲಿ ಮಾತನಾಡುತ್ತಿದ್ದವರು ಕೆಂಪು ಸಂಕೇತಗಳನ್ನು ತಪ್ಪಿಸಿಕೊಂಡುದು ಇಮ್ಮಡಿಯಾಯಿತು. ರೇಡಿಯೊ ಕೇಳುತ್ತಿದ್ದವರಿಗೆ ಏನೂ ಆಗಲಿಲ್ಲ. ಆದುದರಿಂದ ಕಿವಿಗೆ ಬೀಳುವ ಸದ್ದು ದೋಷಿಯಲ್ಲ. ಕೇಳಿದುದನ್ನು ಗ್ರಹಿಸಿ ಉತ್ತರವನ್ನು ಹೊಂದಿಸುವ ಶ್ರಮವೇ ದೋಷಿ. 2003ರಲ್ಲಿ ಕಣ್ಣಿನ ಚಲನೆಯನ್ನು ಅಳೆಯುವ ಯಂತ್ರವನ್ನು ತೊಡಿಸಿ ನೋಡಿದರು. ದಾರಿಯ ಪಕ್ಕದ ಫಲಕಗಳ ಮೇಲೆ ಚಾಲಕರ ದೃಷ್ಟಿ ನೆಟ್ಟುದು ಯಂತ್ರದಲ್ಲಿ ದಾಖಲೆಯಾಗಿದ್ದರೂ, ಮಾತನಾಡುತ್ತಿದ್ದವರಿಗೆ ತಾವು ಆ ಫಲಕಗಳನ್ನು ನೋಡಿದ ಗುರುತು ಬಹಳ ಕಡಮೆ ಇತ್ತು. ನೋಟ ಬಿದ್ದಿತು, ನೋಡಿದುದು ಮನಸ್ಸಿಗೆ ಮುಟ್ಟಲಿಲ್ಲ.

ಹಾಗಾದರೆ ಪಕ್ಕದಲ್ಲಿ ಕುಳಿತವರೊಡನೆ ಮಾತನಾಡುವುದು? ಇದೂ ಮಾತೇ ಅಲ್ಲವೆ? ಕಾಲೇಜಿನ ಚರ್ಚಾಕೂಟಗಳಲ್ಲಿ ಈ ಪ್ರಶ್ನೆ ತಪ್ಪದೆ ಏಳುವುದು, ಪ್ರಶ್ನೆ ಜಾಣತನದ್ದೇ. ಇದಕ್ಕೂ ಸ್ಟ್ರೇಯರ್ ಮತ್ತು ಅವರ ಸಹೋದ್ಯೋಗಿಗಳು 2008ರಲ್ಲಿ ಉತ್ತರ ಕೊಟ್ಟರು. ಕೃತಕ ಚಾಲನಾ ಯಂತ್ರದಲ್ಲಿ ಕುಳಿತವರಿಗೆ, ಕೆಲವು ಮೈಲಿಗಳಾಚೆ ಬರುವ ವಿಶ್ರಾಂತಿಸ್ಥಳದಲ್ಲಿ ಹೆದ್ದಾರಿಯಿಂದ ಹೊರಳಬೇಕೆಂದು ಹೇಳಿದ್ದರು. ಪಕ್ಕದ ಗೆಳೆಯನೊಡನೆ ಮಾತನಾಡುತ್ತ ಹೋದವರಲ್ಲಿ ಹೆಚ್ಚಿನವರು ಸರಿಯಾಗಿ ಹೊರಳಿದರು. ಫೋನಿನಲ್ಲಿ ಮಾತನಾಡುತ್ತಿದ್ದವರಲ್ಲಿ ಸುಮಾರು ಅರ್ಧ ಮಂದಿ ಅದನ್ನು ದಾಟಿಯೇ ಹೋದರು, ನನ್ನ ಬಸ್ಸಿನವನಂತೆಯೇ! ಪಕ್ಕದಲ್ಲಿರುವವನಿಗೂ ರಸ್ತೆ ಕಾಣುತ್ತದೆ. ಇಕ್ಕಟ್ಟು ಬಂದಾಗ ಅವನು ಮಾತು ನಿಲ್ಲಿಸುತ್ತಾನೆ, "ಅಗೋ ಅಲ್ಲಿ" ಎಂದು ತೋರಿಸುತ್ತಾನೆ. ಫೋನಿನ ಆಚೆ ಕಡೆಯಲ್ಲಿರುವವನಿಗೆ ಎದುರಿನ ಲಾರಿ ಕಾಣಿಸದು, ಚಾಲಕನು ಒಂದು ಕ್ಷಣ ಸುಮ್ಮನಾದರೆ "ಹಲೋ, ಕೇಳಿಸುತ್ತಿದೆಯೆ?" ಎಂದು ಮತ್ತಷ್ಟು ಜಗ್ಗುತ್ತಾನೆ.

ಕ್ಷಣ ಎಂದೆನಷ್ಟೆ. ರಸ್ತೆಯಲ್ಲಿ ಕ್ಷಣದ ಬೆಲೆಯನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಗಂಟೆಗೆ 60 ಕಿಲೋಮೀಟರು ಎಂದರೆ ಸೆಕೆಂಡಿಗೆ ಸುಮಾರು 16.7 ಮೀಟರು. ಅಡ್ಡ ಬಂದುದನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಎಚ್ಚರದ ಚಾಲಕನಿಗೆ ಒಂದು ಸೆಕೆಂಡು ಹಿಡಿಯಿತೆಂದಿಟ್ಟುಕೊಳ್ಳಿ. ಒಣರಸ್ತೆಯಲ್ಲಿ ಒಳ್ಳೆಯ ಬ್ರೇಕು ಕಾರಿನ ವೇಗವನ್ನು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 7 ಮೀಟರಿನಂತೆ ತಗ್ಗಿಸುವುದೆಂದರೆ, ಬ್ರೇಕು ಹಿಡಿದ ಮೇಲೆ ಇನ್ನೂ 19.8 ಮೀಟರು ಸಾಗಿ ಕಾರು ನಿಲ್ಲುವುದು. ಒಟ್ಟು 36.5 ಮೀಟರು. ಸರಿಯಾಗಿ ಅಷ್ಟೇ ದೂರದಲ್ಲಿ ಒಂದು ಮಗು ನಿಂತಿದೆ. ಕಾರು ಅದನ್ನು ಮುಟ್ಟದೆ ನಿಂತಿತು. ಈಗ ಚಾಲಕನು ಮಾತಿನಲ್ಲಿ ತೊಡಗಿದ್ದು ಬ್ರೇಕು ಒತ್ತಲು ಅರ್ಧ ಸೆಕೆಂಡು ತಡವಾಯಿತೆಂದು ಭಾವಿಸಿ. ಬ್ರೇಕು ಹಿಡಿಯುವುದರೊಳಗೆ 25 ಮೀಟರು ಕಳೆದುಹೋಗಿರುವುದು. ಉಳಿದ 11.5 ಮೀಟರಿನಲ್ಲಿ ಕಾರು ನಿಲ್ಲದು. ಮಗುವಿದ್ದ ಸ್ಥಳವನ್ನು ತಲಪುವಾಗ ಅದರ ವೇಗ ಇನ್ನೂ ಗಂಟೆಗೆ ಸುಮಾರು 39 ಕಿಲೋಮೀಟರು ಇರುವುದು. ತಡವಾದುದು ಅರ್ಧ ಸೆಕೆಂಡು!

ಇದು ಕಣ್ಣು ರಸ್ತೆಯ ಮೇಲಿದ್ದವನ ಮಾತಾಯಿತು. ಸಂದೇಶವನ್ನು ಓದುವವನ, ಬರೆಯುವವನ ಕಣ್ಣು ಅಲ್ಲಿಯೂ ಇರುವುದಿಲ್ಲ. ಅಮೆರಿಕದ ವರ್ಜೀನಿಯ ಟೆಕ್ ಸಂಸ್ಥೆಯವರು ಲಾರಿಗಳಲ್ಲಿ ಕ್ಯಾಮೆರಾ ಇರಿಸಿ ನಡೆಸಿದ ಅಧ್ಯಯನ 2009ರಲ್ಲಿ ಹೊರಬಂದಿತು. ಅಪಾಯದ ಪ್ರಸಂಗಕ್ಕೆ ಮುಂಚಿನ 6 ಸೆಕೆಂಡುಗಳ ಅವಧಿಯಲ್ಲಿ ಸಂದೇಶ ಬರೆಯುತ್ತಿದ್ದ ಚಾಲಕರ ಕಣ್ಣು ಸರಾಸರಿ 4.6 ಸೆಕೆಂಡು ರಸ್ತೆಯನ್ನು ಬಿಟ್ಟಿತ್ತು. ಗಂಟೆಗೆ 80 ಕಿಲೋಮೀಟರಿನಲ್ಲಿ ಇದು ನೂರು ಮೀಟರಿಗೂ ಮಿಗಿಲಾದ ದೂರ. ಅಂತಹವರಿಗೆ ಅಪಾಯ 23 ಪಾಲು ಹೆಚ್ಚೆಂದು ಅವರು ಲೆಕ್ಕ ಹಾಕಿದರು.

ಇಷ್ಟು ತಿಳಿದ ಮೇಲೂ ಜನರು ಚಾಲನೆಯ ಮಧ್ಯೆ ಫೋನನ್ನು ಕೈಗೆ ತೆಗೆದುಕೊಳ್ಳುವುದೇಕೆ? ಅಜ್ಞಾನವೊಂದೇ ಕಾರಣವೆನ್ನುವಂತಿಲ್ಲ. ಇದಕ್ಕೆ ದಾರುಣವಾದ ನಿದರ್ಶನವೊಂದು ರಸ್ತೆಯದಲ್ಲ, ರೈಲಿನದು. 2008ರ ಸೆಪ್ಟೆಂಬರ್ 12ರಂದು ಸಂಜೆ, ಕ್ಯಾಲಿಫೋರ್ನಿಯದ ಲಾಸ್ ಏಂಜಲಿಸ್ ನಗರದ ಅಂಚಿನ ಚಾಟ್ಸ್‌ವರ್ತ್ ಎಂಬಲ್ಲಿ ಪ್ರಯಾಣಿಕರ ರೈಲೊಂದು ಕೆಂಪು ಸಿಗ್ನಲನ್ನು ದಾಟಿ ಒಂಟಿ ಹಳಿಯ ಮೇಲೆ ಮುಂದುವರಿದು, ಎದುರಿನಿಂದ ಬರುತ್ತಿದ್ದ ಸರಕು ರೈಲಿಗೆ ಢಿಕ್ಕಿ ಹೊಡೆಯಿತು. 25 ಮಂದಿ ಸತ್ತರು. ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ರೈಲಿಗೆ ಸ್ಟಿಯರಿಂಗ್ ಇಲ್ಲ. ಸಿಗ್ನಲನ್ನು ನೋಡುವುದೇ ಚಾಲಕನ ಮುಖ್ಯ ಕರ್ತವ್ಯ. ತನಿಖೆ ನಡೆಸಿದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಲಿಯು, ಆ ಚಾಲಕನು ಫೋನಿನಲ್ಲಿ ಸಂದೇಶಗಳನ್ನು ಕಳುಹಿಸುತ್ತಿದ್ದುದೇ ಕಾರಣವೆಂದು ತೀರ್ಮಾನಿಸಿತು. ಅವನ ಕಡೆಯ ಸಂದೇಶ ಹೊರಟುದು ಡಿಕ್ಕಿಗೆ 22 ಸೆಕೆಂಡು ಮೊದಲು. ಕೆಲಸದ ವೇಳೆ ಫೋನು ಬಳಸಬಾರದೆಂಬ ನಿಯಮವನ್ನು ಅವನು ಬಲ್ಲವನೇ ಆಗಿದ್ದನು. ಸತ್ತವರಲ್ಲಿ ಅವನೂ ಒಬ್ಬ.

ಬಲ್ಲವನ ಕೈಯನ್ನೂ ಎಳೆಯುವ ಈ ಸೆಳೆತವನ್ನು ಅರಿಯಲು ಪಾರಿವಾಳಗಳ ಬಳಿಗೆ ಹೋಗಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್, ಫರ್‌ಸ್ಟರ್ ಎಂಬವರೊಡನೆ 1957ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಇದರ ವಿವರಗಳಿವೆ. ಪೆಟ್ಟಿಗೆಯೊಳಗಿನ ಪಾರಿವಾಳವು ಗುಂಡಿಯನ್ನು ಕುಕ್ಕಿದರೆ ಕಾಳು ಬೀಳುವುದು. ಎಷ್ಟು ಕುಕ್ಕಿದರೆ ಕಾಳು ಎಂಬುದು ಗೊತ್ತಿದ್ದರೆ ಹಕ್ಕಿ ಕಾಳು ತಿಂದು ಸ್ವಲ್ಪ ವಿರಮಿಸುವುದು. ಆದರೆ ಒಮ್ಮೆ ಮೂರನೆಯ ಕುಕ್ಕಿಗೆ, ಇನ್ನೊಮ್ಮೆ ಐವತ್ತನೆಯದಕ್ಕೆ, ಹೀಗೆ ನೇಮವಿಲ್ಲದೆ ಕಾಳು ಬಿದ್ದರೆ, ಅದು ವಿರಾಮವಿಲ್ಲದೆ ಕುಕ್ಕುತ್ತಲೇ ಇರುವುದು; ಕಾಳು ನಿಂತುಹೋದ ಮೇಲೂ ಬಹುಕಾಲ ಬಿಡುವುದಿಲ್ಲ. ಜೂಜಿನ ಯಂತ್ರದ ಗುಟ್ಟೂ ಇದೇ. ಫೋನಿಗೆ ಬರುವ ಹತ್ತು ಸಂದೇಶಗಳಲ್ಲಿ ಒಂಬತ್ತು ಜಾಹೀರಾತು, ಶುಭೋದಯ, ಯಾರದೋ ಹಾಸ್ಯ. ಹತ್ತನೆಯದು ಗೆಳತಿಯದೊ, ಪರೀಕ್ಷೆಯ ಫಲಿತಾಂಶವೊ ಆಗಿರಬಹುದು. ಯಾವುದು ಹತ್ತನೆಯದೆಂದು ಮೊದಲೇ ಗೊತ್ತಿಲ್ಲವಾದ್ದರಿಂದಲೇ ಪ್ರತಿಯೊಂದನ್ನೂ ತೆರೆಯಬೇಕೆನ್ನಿಸುವುದು. ಮೆದುಳಿನೊಳಗೆ ಇದಕ್ಕೆ ಸಂಬಂಧಿಸಿದ ರಾಸಾಯನಿಕ ಡೋಪಮೀನು. ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ, ಹಣ್ಣಿನ ರಸ ಬರುವ ಮುನ್ನ ಸಂಕೇತವೊಂದನ್ನು ತೋರಿಸುತ್ತ ಬಂದರೆ, ಅಭ್ಯಾಸವಾದ ಮೇಲೆ ಡೋಪಮೀನಿನ ನರಕೋಶಗಳು ಸ್ಪಂದಿಸುತ್ತಿದ್ದುದು ರಸಕ್ಕಲ್ಲ, ಆ ಸಂಕೇತಕ್ಕೆ. ಜೇಬಿನಲ್ಲಿ ಫೋನು 'ಟಿಣ್' ಎಂದಾಗ ನಮ್ಮಲ್ಲಾಗುವುದೂ ಇಂತಹುದೇ ಎನ್ನಬಹುದು.

ಇದನ್ನು ವ್ಯಸನವೆಂದು ಕರೆಯಬಹುದೆ? ಇಲ್ಲಿ ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಗೆ ವಿಡಿಯೊ ಆಟದ ವ್ಯಸನವು ಸೇರಿದೆ. ಆ ಪಟ್ಟಿ 2019ರಲ್ಲಿ ಅಂಗೀಕೃತವಾಗಿ 2022ರಿಂದ ಜಾರಿಯಲ್ಲಿದೆ. ಫೋನಿನ ಬಳಕೆಯೆಂಬ ರೋಗ ಅದರಲ್ಲಿಲ್ಲ. ದಿನಕ್ಕೆ ನೂರು ಸಲ ಫೋನು ನೋಡುವವನನ್ನೆಲ್ಲ ರೋಗಿಯೆನ್ನುವುದು ಅವಿಚಾರ. ಆದರೆ ಬಿಡಬೇಕೆಂದರೂ ಬಿಡಲಾಗದೆ, ಓದು, ನಿದ್ರೆ, ಕೆಲಸ ಕೆಟ್ಟು ನೆರವನ್ನು ಅರಸುವವರಿದ್ದಾರೆ. ಅಂತಹವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ರಸ್ತೆಯ ಮಟ್ಟಿಗೆ ಹೆಸರಿನ ಜಗಳ ಮುಖ್ಯವಲ್ಲ. ಎತ್ತದೆ ಬಿಟ್ಟ ಫೋನೂ ಅವಧಾನವನ್ನು ಕದಿಯುವುದೆಂದು 2015ರಲ್ಲಿ ಫ್ಲಾರಿಡ ರಾಜ್ಯ ವಿಶ್ವವಿದ್ಯಾನಿಲಯದವರು ತೋರಿಸಿದರು: ಏಕಾಗ್ರತೆಯ ಪರೀಕ್ಷೆಯ ಮಧ್ಯೆ ಫೋನು ಸದ್ದು ಮಾಡಿದರೆ ಸಾಕು, ಮುಟ್ಟದಿದ್ದವರೂ ಹೆಚ್ಚು ತಪ್ಪು ಮಾಡಿದರು. ಅದೇ ವರ್ಷ ಯೂಟಾದ ತಂಡ ಇನ್ನೊಂದನ್ನು ಕಂಡುಕೊಂಡಿತು. ಕಾರಿನ ಯಂತ್ರಕ್ಕೆ ಬಾಯಿಮಾತಿನ ಆಜ್ಞೆ ಕೊಟ್ಟು ಮುಗಿಸಿದ ಮೇಲೂ, ಕೆಲವು ಯಂತ್ರಗಳಲ್ಲಿ 27 ಸೆಕೆಂಡಿನವರೆಗೆ ಅವಧಾನ ಪೂರ್ತಿಯಾಗಿ ರಸ್ತೆಗೆ ಮರಳುತ್ತಿರಲಿಲ್ಲ. ಕೆಂಪು ದೀಪದಲ್ಲಿ ನಿಂತಾಗ ಮಾತ್ರ ನೋಡುತ್ತೇನೆ ಎನ್ನುವವರು ಇದನ್ನು ಯೋಚಿಸಬೇಕು.

ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಇದರಲ್ಲಿ ಫೋನಿನ ಬಳಕೆಯ ತಲೆಬರಹದ ಕೆಳಗೆ ಬರುವವರು 3,395. ಈ ಸಂಖ್ಯೆ ನಿಜಕ್ಕಿಂತ ಕಡಮೆಯೆಂದೇ ನನ್ನ ಎಣಿಕೆ. ಡಿಕ್ಕಿಯಾದ ಮೇಲೆ, "ನಾನು ಮಾತನಾಡುತ್ತಿದ್ದೆ" ಎಂದು ಪೋಲೀಸರ ಮುಂದೆ ಒಪ್ಪಿಕೊಳ್ಳುವವರು ಎಷ್ಟು ಮಂದಿ? 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು 'ಕೈಯಲ್ಲಿ ಹಿಡಿಯುವ' ಸಾಧನದ ಬಳಕೆಯನ್ನು ಅಪಾಯಕಾರಿ ಚಾಲನೆಗಳ ಸಾಲಿನಲ್ಲಿ ಸೇರಿಸಿದೆ. ಕಾಯಿದೆಯ ಕಣ್ಣು ಕೈಯ ಮೇಲಿದೆ. ಅವಧಾನವನ್ನು ಹಿಡಿಯುವ ಪೋಲೀಸಿನವನಿಲ್ಲವಾದ್ದರಿಂದ ಅದು ಅಷ್ಟರ ಮಟ್ಟಿಗೆ ಅನಿವಾರ್ಯವೂ ಹೌದು.

ರೈಲ್ವೆಯವರು ಚಾಲಕನ ಮನೋನಿಗ್ರಹವೊಂದನ್ನೇ ನೆಚ್ಚಲಿಲ್ಲ. ಚಾಟ್ಸ್‌ವರ್ತಿನ ದುರಂತದ ಮರುತಿಂಗಳಲ್ಲಿಯೇ ಅಮೆರಿಕದಲ್ಲಿ ಕಾನೂನಾಗಿ, ಕೆಂಪು ಸಿಗ್ನಲನ್ನು ದಾಟಹೊರಟ ರೈಲನ್ನು ತಾನಾಗಿ ನಿಲ್ಲಿಸುವ ಯಂತ್ರವ್ಯವಸ್ಥೆಯು 2020ರ ಕೊನೆಯ ವೇಳೆಗೆ ಪೂರೈಸಿತು. ನಮ್ಮಲ್ಲಿ 'ಕವಚ' ಎಂಬ ಹೆಸರಿನಲ್ಲಿ ಅಂತಹುದೇ ವ್ಯವಸ್ಥೆ ಹಂತಹಂತವಾಗಿ ಬರುತ್ತಿದೆ. ಹಳಿಯಿಲ್ಲದ ರಸ್ತೆಗೆ ಅಂತಹ ಕವಚ ಸುಲಭವಲ್ಲ. ಇಲ್ಲಿ ಮಾಡಬಹುದಾದುದು, ಮನಸ್ಸಿನ ಬಲವನ್ನು ಪರೀಕ್ಷೆಗೆ ಒಡ್ಡದೆ, ಹೊರಡುವ ಮೊದಲೇ ಫೋನಿನ ಸದ್ದಡಗಿಸಿ ಕೈಗೆಟುಕದ ಚೀಲದಲ್ಲಿ, ಸ್ಕೂಟರಿನವರಾದರೆ ಸೀಟಿನ ಕೆಳಗೆ, ಇಟ್ಟುಬಿಡುವುದು. ಕರೆ ಮಾಡುವವರ ಪಾಲೂ ಒಂದುಂಟು. ಈಗ ನಾನು ಯಾರಿಗೆ ಫೋನು ಮಾಡಿದರೂ ಮೊದಲು ಕೇಳುವುದು, "ಗಾಡಿ ಓಡಿಸುತ್ತಿದ್ದೀರಾ?" ಎಂದು, ಹೌದೆಂದರೆ ಇಟ್ಟುಬಿಡುತ್ತೇನೆ. ಕೆಲವರು ಇದನ್ನು ಒರಟುತನವೆಂದು ತಿಳಿದಿದ್ದಾರೆ.

ಇಷ್ಟೆಲ್ಲ ಓದಿದ ಮೇಲೂ, "ನನಗೆ ಇದು ಅನ್ವಯಿಸದು, ನಾನು ಎರಡನ್ನೂ ನಿಭಾಯಿಸಬಲ್ಲೆ" ಎನ್ನುವ ವಾಚಕರು ಇದ್ದೇ ಇರುವರು. ಅಂತಹವರು ಲೋಕದಲ್ಲಿಲ್ಲವೆಂದಲ್ಲ. 2010ರಲ್ಲಿ ವಾಟ್ಸನ್ ಮತ್ತು ಸ್ಟ್ರೇಯರ್ 200 ಮಂದಿಯನ್ನು ಪರೀಕ್ಷಿಸಿದಾಗ, ಚಾಲನೆ ಮತ್ತು ಮಾತು ಎರಡರಲ್ಲಿಯೂ ಕುಂದಿಲ್ಲದವರು ನೂರಕ್ಕೆ ಎರಡೂವರೆಯಂತೆ ಸಿಕ್ಕಿದರು, ಎಂದರೆ ಐದು ಮಂದಿ. 2013ರಲ್ಲಿ ಅದೇ ವಿಶ್ವವಿದ್ಯಾನಿಲಯದವರು 310 ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಅವರವರ ಸಾಮರ್ಥ್ಯವನ್ನು ಅವರವರೇ ಅಂದಾಜು ಮಾಡುವಂತೆ ಕೇಳಿದರು. ಹೆಚ್ಚಿನವರು ತಾವು ಸರಾಸರಿಗಿಂತ ಮೇಲೆಂದರು. ಚಾಲನೆಯ ನಡುವೆ ಫೋನನ್ನು ಹೆಚ್ಚಾಗಿ ಬಳಸುತ್ತಿದ್ದವರೇ ಎರಡು ಕೆಲಸಗಳನ್ನು ಒಟ್ಟಿಗೆ ನಡೆಸುವ ಪರೀಕ್ಷೆಯಲ್ಲಿ ಕಡಮೆ ಅಂಕ ಪಡೆದಿದ್ದರು.